ಸರಿದದ್ದು ಗಡಿ, ಜನರಲ್ಲ: ಭಾಷಾನ್ಯಾಯದ ಇತ್ತೀಚಿನ ಗ್ರಂಥಗಳು ಮತ್ತು ಗಡಿನಾಡ ಕನ್ನಡ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆ ಎರಡಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ಬೀದರ್ ಜಿಲ್ಲೆಯ ನಾರಾಯಣಖೇಡ ಹಾಗೂ ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶದ ಪಾಲಾದವು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂದರೂ ಅದರ ಮಗ್ಗುಲಿನ ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದ ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳ ನೆಲ 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು.

ಈ ಎಲ್ಲ ಕಡೆಗಳಲ್ಲಿಯೂ ಜನರು ಇದ್ದಲ್ಲಿಯೇ ಇದ್ದರು. ಅದೇ ಹೊಲ, ಅದೇ ಸಂತೆ, ಅದೇ ಶಾಲೆ. ಬದಲಾದದ್ದು ಅರ್ಜಿ ಬರೆಯಬೇಕಾದ ಭಾಷೆ, ಮಕ್ಕಳ ಪಠ್ಯಪುಸ್ತಕ ಅಚ್ಚಾಗುವ ಊರು, ಶಿಕ್ಷಕರನ್ನು ನೇಮಿಸುವ ಇಲಾಖೆ. ಹೀಗೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ‘ಅಲ್ಪಸಂಖ್ಯಾತ’ರಾದ ಜನರಿಗೆ ಭಾಷೆಯ ವಿಷಯದಲ್ಲಿ ಯಾವ ಹಕ್ಕು ಸಲ್ಲಬೇಕು, ಏಕೆ ಸಲ್ಲಬೇಕು? ‘ಸಲ್ಲಬೇಕು’ ಎನ್ನುವುದರಲ್ಲಿ ಗಡಿನಾಡಿನ ಬರಹಗಳಿಗೆ ಎಂದೂ ಸಂಶಯವಿರಲಿಲ್ಲ. ‘ಏಕೆ’ ಎಂಬುದಕ್ಕೆ ಮಾತ್ರ ಹಲವು ಉತ್ತರಗಳು ಒಂದರೊಳಗೊಂದು ಬೆರೆತು ಬಂದಿವೆ: ಈ ನೆಲ ಮೊದಲು ಕನ್ನಡದ್ದಾಗಿತ್ತು, ಇಲ್ಲಿ ಕನ್ನಡ ಮಾತೃಭಾಷೆಯಾದವರ ಸಂಖ್ಯೆ ಇಷ್ಟಿದೆ, ಸಂವಿಧಾನ ಭರವಸೆ ಕೊಟ್ಟಿದೆ. ಈ ಮೂರರ ತಾರ್ಕಿಕ ಬಲ ಒಂದೇ ಬಗೆಯದಲ್ಲ.

ಕಳೆದ ಎರಡು ದಶಕಗಳಲ್ಲಿ ರಾಜಕೀಯ ತತ್ತ್ವಚಿಂತನೆ ಹಾಗೂ ವಿಚಾರಗಳ ಇತಿಹಾಸ ಎಂಬ ಎರಡು ಕ್ಷೇತ್ರಗಳಲ್ಲಿ ಭಾಷೆಯನ್ನು ಕುರಿತು ಬಂದ ಕೆಲವು ಗ್ರಂಥಗಳು ಈ ‘ಏಕೆ’ಯನ್ನು ಬಿಡಿಸಿ ನೋಡಲು ನೆರವಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕ್ಯುಬೆಕ್, ಬೆಲ್ಜಿಯಂ, ಕ್ಯಾಟಲೋನಿಯಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಗಡಿನಾಡ ಕನ್ನಡಿಗರ ಸ್ಥಿತಿ ಅವುಗಳ ಎಣಿಕೆಯಲ್ಲಿಲ್ಲ. ಆದುದರಿಂದಲೇ ಅವುಗಳನ್ನು ಇಲ್ಲಿನ ವಾಸ್ತವಕ್ಕೆ ಹಚ್ಚಿ ನೋಡಿದಾಗ ಯಾವ ವಾದ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಎರಡು ವರ್ಗಗಳು, ಸೇರದ ಮೂರನೆಯವರು

ಈ ಚರ್ಚೆಯ ಅಡಿಪಾಯ ವಿಲ್ ಕಿಮ್ಲಿಕಾ ಅವರ ‘ಮಲ್ಟಿಕಲ್ಚರಲ್ ಸಿಟಿಜನ್‌ಷಿಪ್’ (1995). ವ್ಯಕ್ತಿಯು ಸ್ವತಂತ್ರವಾಗಿ ಬಾಳಬೇಕಾದರೆ ಅವನ ಮುಂದೆ ಅರ್ಥವುಳ್ಳ ಆಯ್ಕೆಗಳಿರಬೇಕು, ಆ ಆಯ್ಕೆಗಳು ಒದಗುವುದು ಶಾಲೆ, ಆಡಳಿತ, ಉದ್ಯೋಗ, ಮಾಧ್ಯಮಗಳನ್ನೆಲ್ಲ ಒಂದು ಭಾಷೆಯಲ್ಲಿ ಹೆಣೆದ ‘ಸಾಮಾಜಿಕ ಸಂಸ್ಕೃತಿ’ಯ ಒಳಗೆ, ಆದ್ದರಿಂದ ಅಂಥ ಸಂಸ್ಕೃತಿಯ ರಕ್ಷಣೆ ಉದಾರವಾದಕ್ಕೆ ವಿರುದ್ಧವಲ್ಲ, ಅದರ ಬೇಡಿಕೆಯೇ ಆಗಿದೆ ಎಂಬುದು ಕಿಮ್ಲಿಕಾ ಅವರ ವಾದ. ಈ ನೆಲೆಯಲ್ಲಿ ಅವರು ಅಲ್ಪಸಂಖ್ಯಾತರನ್ನು ಎರಡು ವರ್ಗಗಳಾಗಿ ವಿಂಗಡಿಸುತ್ತಾರೆ. ತಮ್ಮದೇ ನೆಲದಲ್ಲಿ ತಮ್ಮದೇ ಸಂಸ್ಥೆಗಳೊಡನೆ ಬಾಳುತ್ತಿದ್ದು ದೊಡ್ಡ ಪ್ರಭುತ್ವವೊಂದರೊಳಗೆ ಸೇರಿಹೋದ ‘ರಾಷ್ಟ್ರೀಯ ಅಲ್ಪಸಂಖ್ಯಾತ’ರು ಮೊದಲನೆಯವರು, ಅವರಿಗೆ ಸ್ವಯಮಾಡಳಿತದ ಹಕ್ಕು ಸಲ್ಲುತ್ತದೆ. ತಾಯ್ನಾಡು ಬಿಟ್ಟುಬಂದ ವಲಸಿಗರು ಎರಡನೆಯವರು; ಅವರಿಗೆ ಗೌರವಯುತ ಒಳಸೇರ್ಪಡೆಯ ಹಕ್ಕಷ್ಟೇ ಇದೆ.

ಗಡಿನಾಡ ಕನ್ನಡಿಗರು ಈ ಎರಡರಲ್ಲಿ ಯಾವ ವರ್ಗ? ಅವರು ವಲಸೆ ಬಂದವರಲ್ಲ. ಹಾಗೆಂದು ಪ್ರತ್ಯೇಕ ಸ್ವಯಮಾಡಳಿತವನ್ನು ಕೋರುವ ಬೇರೆ ರಾಷ್ಟ್ರವೂ ಅಲ್ಲ. ಅವರ ಭಾಷೆಯ ‘ಸಾಮಾಜಿಕ ಸಂಸ್ಕೃತಿ’ ನೆರೆಯ ರಾಜ್ಯದಲ್ಲಿ ಅಧಿಕೃತವಾಗಿ ನೆಲೆಗೊಂಡಿದೆ. ಈ ಸ್ಥಿತಿಗೆ ಹತ್ತಿರದ ವಿವರಣೆಯನ್ನು ರೋಜರ್ಸ್ ಬ್ರೂಬೇಕರ್ ಅವರ ‘ನ್ಯಾಷನಲಿಸಂ ರಿಫ್ರೇಮ್ಡ್’ (1996) ಒದಗಿಸಿತು. ಮೊದಲ ಮಹಾಯುದ್ಧದ ನಂತರ ಹಂಗೆರಿಯಂಥ ದೇಶಗಳ ಗಡಿ ಕುಗ್ಗಿ, ಲಕ್ಷಾಂತರ ಜನರು ಕದಲದೆಯೇ ಬೇರೆ ದೇಶದವರಾದ ಸಂದರ್ಭವನ್ನು ಅವರು ಮೂರು ಕೋನಗಳ ಸಂಬಂಧವಾಗಿ ವಿವರಿಸುತ್ತಾರೆ: ಅಲ್ಪಸಂಖ್ಯಾತರು, ಅವರಿರುವ ಹಾಗೂ ತನ್ನನ್ನು ಒಂದು ನುಡಿಯ ನಾಡಾಗಿಸಿಕೊಳ್ಳಲು ತವಕಿಸುವ ರಾಜ್ಯ, ಗಡಿಯಾಚೆಯಿಂದ ‘ನಮ್ಮವರು’ ಎನ್ನುವ ತಾಯ್ನಾಡು. ಈ ಮೂರರಲ್ಲಿ ಒಂದರ ನಡೆ ಉಳಿದೆರಡನ್ನು ಕೆರಳಿಸುತ್ತದೆ. ಭಾರತದೊಳಗೆ ಪೌರತ್ವ ಒಂದೇ ಆಗಿರುವುದರಿಂದ ಈ ತ್ರಿಕೋನದ ಹರಿತ ಕಡಿಮೆ. ಆದರೆ ಅದರ ಆಕಾರ ಗಡಿನಾಡನ್ನು ಬಲ್ಲ ಯಾರಿಗೂ ಅಪರಿಚಿತವಲ್ಲ.

ನೆಲದ ನುಡಿಯೇ ರಾಣಿ ಎಂಬ ವಾದ

ಗಡಿನಾಡಿನ ಹಕ್ಕಿಗೆ ಅತ್ಯಂತ ಕಠಿಣ ಸವಾಲನ್ನು ಒಡ್ಡುವ ಗ್ರಂಥ ಬೆಲ್ಜಿಯಂನ ತತ್ತ್ವಶಾಸ್ತ್ರಜ್ಞ ಫಿಲಿಪ್ ವಾನ್ ಪರೈಸ್ ಅವರ ‘ಲಿಂಗ್ವಿಸ್ಟಿಕ್ ಜಸ್ಟಿಸ್ ಫಾರ್ ಯೂರೋಪ್ ಅಂಡ್ ಫಾರ್ ದ ವರ್ಲ್ಡ್’ (2011). ಇಂಗ್ಲಿಷ್ ಜಾಗತಿಕ ಸಂಪರ್ಕ ಭಾಷೆಯಾಗಿ ಹರಡುವುದನ್ನು ಸ್ವಾಗತಿಸುತ್ತಲೇ, ಅದರಿಂದಾಗುವ ಅನ್ಯಾಯಗಳನ್ನು ಎಣಿಸಿ ಪರಿಹಾರ ಸೂಚಿಸುವುದು ಆ ಗ್ರಂಥದ ಉದ್ದೇಶ. ಇದರಲ್ಲಿ ಮೂರು ವಿಚಾರಗಳು ಗಡಿನಾಡಿಗೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು ಭಾಷಾಬಳಕೆಯ ಚಲನೆಯ ಕುರಿತಾದದ್ದು. ಬೇರೆ ಬೇರೆ ಭಾಷೆಯವರು ಸೇರಿದಲ್ಲಿ, ಯಾರೂ ಹೊರಗುಳಿಯಬಾರದೆಂಬ ಸೌಜನ್ಯದಿಂದಲೇ, ಎಲ್ಲರಿಗೂ ಕನಿಷ್ಠ ಮಟ್ಟದಲ್ಲಾದರೂ ಬರುವ ಭಾಷೆಗೆ ಮಾತು ಹೊರಳುತ್ತದೆ. ಹತ್ತು ಮಂದಿ ಕನ್ನಡಿಗರು ಕುಳಿತ ಸಭೆಗೆ ಕನ್ನಡ ಬಾರದ ಒಬ್ಬ ಅಧಿಕಾರಿ ಬಂದರೆ ಸಾಕು, ಸಭೆಯ ಭಾಷೆ ಬದಲಾಗುತ್ತದೆ. ಇದರಲ್ಲಿ ಯಾರ ದ್ವೇಷವೂ ಇಲ್ಲ, ಬಲಾತ್ಕಾರವೂ ಇಲ್ಲ. ಆದರೂ ಇಂಥ ಸಾವಿರ ಸಣ್ಣ ಹೊರಳುಗಳ ಮೊತ್ತವಾಗಿ ಒಂದು ಭಾಷೆ ಸಾರ್ವಜನಿಕ ಜೀವನದಿಂದ ಹಿಂದೆ ಸರಿಯುತ್ತದೆ. ಗಡಿನಾಡಿನಲ್ಲಿ ಕನ್ನಡದ ಹಿನ್ನಡೆಯನ್ನು ಕೇವಲ ಆಳುವವರ ದುರುದ್ದೇಶವಾಗಿ ಅಥವಾ ಆಡುವವರ ನಿರಭಿಮಾನವಾಗಿ ಓದುವ ರೂಢಿಗೆ ಈ ವಿವರಣೆ ಒಳ್ಳೆಯ ತಿದ್ದುಪಡಿ.

ಎರಡನೆಯದು ವೆಚ್ಚದ ನ್ಯಾಯ. ಎರಡು ಗುಂಪುಗಳ ನಡುವೆ ಸಂವಹನ ಸಾಧ್ಯವಾದರೆ ಅದರ ಲಾಭ ಎರಡಕ್ಕೂ ಸಿಗುತ್ತದೆ. ಕಲಿಯುವ ಶ್ರಮ ಮಾತ್ರ ಒಂದರ ಮೇಲೆಯೇ ಬೀಳುತ್ತದೆ. ತನ್ನ ಭಾಷೆಯೇ ಸಂಪರ್ಕ ಭಾಷೆಯಾದವನು ಏನೂ ತೆರದೆ ಲಾಭ ಪಡೆಯುತ್ತಾನೆ. ಆದ್ದರಿಂದ ಕಲಿಯದವನೂ ಕಲಿಕೆಯ ವೆಚ್ಚದಲ್ಲಿ ಪಾಲುಗೊಳ್ಳಬೇಕು ಎಂದು ವಾನ್ ಪರೈಸ್ ವಾದಿಸುತ್ತಾರೆ. ಇದನ್ನು ಅವರು ಇಂಗ್ಲಿಷ್ ಕುರಿತು ಹೇಳಿದರೂ ಲೆಕ್ಕ ಎಲ್ಲೆಡೆಗೂ ಒಂದೇ. ಹೊಸೂರು ಅಥವಾ ಸೋಲಾಪುರದ ಕನ್ನಡ ಶಾಲೆಯ ಮಗು ಕನ್ನಡ, ರಾಜ್ಯಭಾಷೆ, ಇಂಗ್ಲಿಷ್ ಮೂರನ್ನೂ ಕಲಿಯುತ್ತದೆ. ಪಕ್ಕದ ಮನೆಯ, ರಾಜ್ಯಭಾಷೆಯನ್ನೇ ಆಡುವ ಮಗುವಿಗೆ ನೆರೆಯವರ ಭಾಷೆಯನ್ನು ಕಲಿಯುವ ಕಟ್ಟುಪಾಡಿಲ್ಲ. ಆ ಊರಿನಲ್ಲಿ ಎರಡು ಸಮುದಾಯಗಳ ವ್ಯವಹಾರ ಸರಾಗವಾಗಿ ನಡೆಯುವುದು ಮೊದಲನೆಯ ಮಗುವಿನ ದ್ವಿಭಾಷಿಕತೆಯಿಂದ. ಹೀಗೆ ನೋಡಿದರೆ ಅಲ್ಪಸಂಖ್ಯಾತ ಶಾಲೆಗೆ ಕೊಡುವ ಶಿಕ್ಷಕ, ಪುಸ್ತಕ, ತರಬೇತಿಗಳು ಸರಕಾರದ ಔದಾರ್ಯವಲ್ಲ. ಒಂದೇ ಕಡೆಗೆ ಬಿದ್ದಿರುವ ಹೊರೆಗೆ ಸಲ್ಲಬೇಕಾದ ಪ್ರತಿಪಾವತಿ.

ಮೂರನೆಯ ವಿಚಾರ ಬಂದಾಗ ಗ್ರಂಥ ಎದುರು ಪಕ್ಷಕ್ಕೆ ಸರಿಯುತ್ತದೆ. ಭಾಷೆಗಳಿಗೆ ಸಮಾನ ಗೌರವ ದೊರೆಯಬೇಕಾದರೆ ಪ್ರತಿಯೊಂದು ಭಾಷೆಯೂ ಯಾವುದಾದರೂ ಒಂದು ನೆಲದಲ್ಲಿ ರಾಣಿಯಾಗಿರಬೇಕು. ಆ ನೆಲಕ್ಕೆ ಬಂದವರು ವಿನಯದಿಂದ ಅದನ್ನು ಕಲಿಯಬೇಕು. ಶಾಲೆ, ಆಡಳಿತಗಳು ಅದರಲ್ಲಿಯೇ ನಡೆಯಬೇಕು. ಇದು ‘ಪ್ರಾದೇಶಿಕತಾ ತತ್ತ್ವ’. ಇದರ ಮಾದರಿ 1962–63ರಲ್ಲಿ ಕಾನೂನಿನ ಮೂಲಕ ಭಾಷಾಗಡಿಯನ್ನು ಖಚಿತಪಡಿಸಿದ ಬೆಲ್ಜಿಯಂ. ಭಾರತದ ಭಾಷಾವಾರು ರಾಜ್ಯಗಳ ಹಿಂದಿನ ತರ್ಕವೂ ಬಹುಮಟ್ಟಿಗೆ ಇದೇ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ, ಕೇರಳದ 2017ರ ಮಲಯಾಳಂ ಭಾಷಾ ಕಲಿಕಾ ಕಾಯ್ದೆಗಳು ಈ ತತ್ತ್ವದ ಶಾಸನರೂಪಗಳು. ಮಹಾರಾಷ್ಟ್ರದ ಗುಜರಾತಿ ಅಲ್ಪಸಂಖ್ಯಾತ ಶಾಲೆಗಳಲ್ಲಿಯೂ ಮರಾಠಿಯನ್ನು ಕಲಿಸಬೇಕೆಂಬ ನಿಯಮವನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯದ 2004ರ ಉಷಾ ಮೆಹ್ತಾ ಪ್ರಕರಣದ ತೀರ್ಪು ಇದೇ ದಾರಿಯದು. ಕರ್ನಾಟಕವು ತನ್ನೊಳಗಿನ ತಮಿಳು, ತೆಲುಗು, ಮರಾಠಿ, ಉರ್ದು ಭಾಷಿಕರಿಗೆ ಕನ್ನಡ ಕಲಿಯಿರಿ ಎನ್ನುವಾಗಲೂ ಇದನ್ನೇ ಆಧರಿಸುತ್ತದೆ.

ಗಡಿನಾಡಿನ ವಾದಕ್ಕೆ ಇಲ್ಲಿ ಒಂದು ಇಕ್ಕಟ್ಟಿದೆ. ಕನ್ನಡಕ್ಕೆ ಬೆಂಗಳೂರಿನಲ್ಲಿ ಬೇಕಾದ ತತ್ತ್ವವೇ ಮಂಜೇಶ್ವರದಲ್ಲಿ ಕನ್ನಡಕ್ಕೆ ಮುಳುವಾಗುತ್ತದೆ. ಒಂದೆಡೆ ಒಪ್ಪಿ ಇನ್ನೊಂದೆಡೆ ನಿರಾಕರಿಸಲು ಸ್ವಹಿತವಲ್ಲದ ಕಾರಣವೊಂದು ಬೇಕು. ಬೆಲ್ಜಿಯಂ ಕೂಡ ತನ್ನ ಗಡಿಯ ಕೆಲವು ಪುರಸಭೆಗಳಲ್ಲಿ ಮತ್ತೊಂದು ಭಾಷೆಯವರಿಗೆ ವಿಶೇಷ ‘ಸೌಲಭ್ಯ’ಗಳನ್ನು ಕೊಡಬೇಕಾಯಿತು ಎಂಬುದು, ಗೆರೆ ಎಳೆದಲ್ಲೆಲ್ಲ ಗೆರೆಯ ಮೇಲೆ ಬಾಳುವವರು ಇರುತ್ತಾರೆಂಬುದಕ್ಕೆ ಸಾಕ್ಷಿ. ಆದರೆ ವಿನಾಯಿತಿ ಇದೆ ಎಂದಮಾತ್ರಕ್ಕೆ ಅದಕ್ಕೆ ಸಮರ್ಥನೆ ಸಿಕ್ಕಿತೆಂದಾಗದು.

ಪಕ್ಕದಲ್ಲಿಯೇ ಕರ್ನಾಟಕವಿದೆಯಲ್ಲ?

ಪ್ರಾದೇಶಿಕತಾವಾದಿಗಳು ಸಹಜವಾಗಿ ಎತ್ತುವ ಆಕ್ಷೇಪ ಇದು: ಕನ್ನಡದಲ್ಲಿಯೇ ಬಾಳಬೇಕೆನ್ನುವವರಿಗೆ ಹತ್ತಿಪ್ಪತ್ತು ಮೈಲಿಯಾಚೆ ಕರ್ನಾಟಕವಿದೆ, ಒಂದೇ ದೇಶವಾದ್ದರಿಂದ ಹೋಗಲು ತಡೆಯೂ ಇಲ್ಲ. ಇದಕ್ಕೆ ತಾತ್ತ್ವಿಕ ಉತ್ತರ ಅನ್ನಾ ಸ್ಟಿಲ್ಟ್ಸ್ ಅವರ ‘ಟೆರಿಟೋರಿಯಲ್ ಸಾವರೆಂಟಿ’ (2019) ಗ್ರಂಥದಲ್ಲಿದೆ. ಪ್ರಭುತ್ವಗಳಿಗೆ ನೆಲದ ಮೇಲೆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವ ಈ ಗ್ರಂಥ, ಪ್ರಭುತ್ವಕ್ಕೂ ಮೊದಲು ವ್ಯಕ್ತಿಗಳಿಗೆ ಇರುವ ‘ನೆಲೆಹಕ್ಕ’ನ್ನು ಗುರುತಿಸುತ್ತದೆ. ಮನುಷ್ಯರ ಜೀವನಯೋಜನೆಗಳು ಒಂದು ಸ್ಥಳಕ್ಕೆ ಕಟ್ಟಿಕೊಂಡಿರುತ್ತವೆ: ಕಸುಬು, ನಂಟು, ಆರಾಧನೆ, ವಿರಾಮ ಎಲ್ಲವೂ ಅಲ್ಲಿನ ನೆಲ, ನೀರು, ಜನರನ್ನು ನಂಬಿ ರೂಪುಗೊಂಡಿರುತ್ತವೆ. ಅನ್ಯಾಯದಿಂದ ಪಡೆಯದ ನೆಲೆಯಲ್ಲಿ ಹೀಗೆ ಬಾಳು ಕಟ್ಟಿಕೊಂಡವನಿಗೆ ಅಲ್ಲಿಯೇ ಮುಂದುವರಿಯುವ ಹಕ್ಕಿದೆ. ಬೇರೆಡೆ ಅಷ್ಟೇ ಫಲವತ್ತಾದ ಹೊಲ ಕೊಟ್ಟರೂ ಆ ನಷ್ಟ ತುಂಬದು.

ಈ ವಾದವನ್ನು ಒಪ್ಪಿದರೆ ‘ಪಕ್ಕದಲ್ಲಿ ಕರ್ನಾಟಕವಿದೆ’ ಎಂಬ ಮಾತು ಆಯ್ಕೆಯ ಸೂಚನೆಯಾಗಿ ಉಳಿಯುವುದಿಲ್ಲ. ಭಾಷೆ ಅಥವಾ ನೆಲೆ, ಎರಡರಲ್ಲಿ ಒಂದನ್ನು ಬಿಡು ಎಂಬ ಷರತ್ತಾಗುತ್ತದೆ. ಅಂಥ ಷರತ್ತನ್ನು ಅದೇ ಊರಿನ ಬಹುಸಂಖ್ಯಾತರಿಗೆ ಯಾರೂ ಒಡ್ಡಿಲ್ಲ. ಅಡಿಕೆ ತೋಟದ ಒಕ್ಕಲಿಗೂ ಸೋಲಾಪುರದ ನೇಕಾರನಿಗೂ ಬಾಳು ನೆಲೆಗೊಂಡಿರುವುದು ಅಲ್ಲಿಯೇ. ಸ್ಟಿಲ್ಟ್ಸ್ ಅವರ ಗ್ರಂಥ ಭಾಷೆಯ ಹಕ್ಕನ್ನು ತಾನೇ ಸ್ಥಾಪಿಸುವುದಿಲ್ಲ. ಆದರೆ ಆ ಹಕ್ಕನ್ನು ಗಡಿದಾಟುವಿಕೆಯಿಂದ ತೀರಿಸಿಬಿಡಬಹುದೆಂಬ ಸುಲಭದ ದಾರಿಯನ್ನು ಮುಚ್ಚುತ್ತದೆ.

ಇತಿಹಾಸದ ಸಾಕ್ಷ್ಯ ಎಷ್ಟು ದೂರ?

‘ಈ ನೆಲ ಮೊದಲಿನಿಂದಲೂ ಕನ್ನಡದ್ದು’ ಎಂಬ ವಾದಕ್ಕೆ ವಿಚಾರಗಳ ಇತಿಹಾಸದ ಎರಡು ಮಹತ್ವದ ಗ್ರಂಥಗಳು ನೀಡುವ ಉತ್ತರ ಸಂಕೀರ್ಣವಾದದ್ದು. ಶೆಲ್ಡನ್ ಪೊಲಾಕ್ ಅವರ ‘ದ ಲ್ಯಾಂಗ್ವೇಜ್ ಆಫ್ ದ ಗಾಡ್ಸ್ ಇನ್ ದ ವರ್ಲ್ಡ್ ಆಫ್ ಮೆನ್’ (2006) ಸಂಸ್ಕೃತದ ವಿಶ್ವವ್ಯಾಪ್ತಿ ಹಾಗೂ ದೇಶಭಾಷೆಗಳ ಉದಯವನ್ನು ವಿವರಿಸುವಾಗ ಒಂದು ಇಡೀ ಅಧ್ಯಾಯವನ್ನು ಕನ್ನಡಕ್ಕೆ ಮೀಸಲಿಟ್ಟಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಹೆಸರಿಸಿ, ಅದರೊಳಗೆ ತಿರುಳುಗನ್ನಡದ ಪ್ರದೇಶವೊಂದನ್ನು ಗುರುತಿಸುವುದು ಪೊಲಾಕ್ ಅವರ ವಾದಕ್ಕೆ ಕೇಂದ್ರವಾಗಿದೆ. ಭಾಷೆ, ನೆಲ, ರಾಜಸಭೆ ಮೂರನ್ನೂ ಜೋಡಿಸಿ ಒಂದು ‘ಲೋಕ’ವನ್ನು ಕಲ್ಪಿಸಿಕೊಳ್ಳುವ ಪ್ರಜ್ಞೆ ಇಲ್ಲಿ ಆಧುನಿಕ ಯೂರೋಪಿನ ರಾಷ್ಟ್ರೀಯತೆಗಿಂತ ಬಹಳ ಹಿಂದೆಯೇ ಕಾಣಿಸಿಕೊಂಡಿತ್ತು.

ಗೋದಾವರಿ ಇಂದು ಮಹಾರಾಷ್ಟ್ರ, ತೆಲಂಗಾಣಗಳಲ್ಲಿ ಹರಿಯುತ್ತದೆ. ಆದ್ದರಿಂದ ಆ ವರ್ಣನೆ ಗಡಿ ಚಳವಳಿಗಳಿಗೆ ಪ್ರಿಯವಾದದ್ದು ಸಹಜ. ಆದರೆ ಪೊಲಾಕ್ ಅದನ್ನು ಹಾಗೆ ಬಳಸುವುದನ್ನು ಒಪ್ಪುವುದಿಲ್ಲ. ಭಾಷೆಗೂ ಅಧಿಕಾರಕ್ಕೂ ಅಂದು ಇದ್ದ ಸಂಬಂಧ, ಒಂದು ಭಾಷೆ ಒಂದು ಜನಾಂಗ ಒಂದು ರಾಜ್ಯ ಎಂಬ ಸಮೀಕರಣದ ಮೇಲೆ ನಿಂತದ್ದಲ್ಲ. ಒಂದೇ ಶಾಸನದಲ್ಲಿ ಪ್ರಶಸ್ತಿ ಸಂಸ್ಕೃತದಲ್ಲಿದ್ದು ದಾನದ ವಿವರ ಕನ್ನಡದಲ್ಲಿರಬಹುದಿತ್ತು. ಆ ಲೋಕದ ಭಾಷಾನಕ್ಷೆಯನ್ನು ಇಂದಿನ ಆಡಳಿತದ ನಕ್ಷೆಯಾಗಿ ಓದುವುದು, ಪುರಾತನರ ಮೇಲೆ ಹೊಸಕಾಲದ ಬಯಕೆಯನ್ನು ಹೇರಿದಂತೆ.

ಲೀಸಾ ಮಿಚೆಲ್ ಅವರ ‘ಲ್ಯಾಂಗ್ವೇಜ್, ಎಮೋಷನ್, ಅಂಡ್ ಪಾಲಿಟಿಕ್ಸ್ ಇನ್ ಸೌತ್ ಇಂಡಿಯಾ’ (2009) ಈ ಎಚ್ಚರಿಕೆಯನ್ನು ಹತ್ತಿರದ ಕಾಲಕ್ಕೆ ತರುತ್ತದೆ. ತೆಲುಗನ್ನು ಕುರಿತ ಈ ಗ್ರಂಥ 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರ ಉಪವಾಸ ಮರಣದವರೆಗೆ ಸಾಗಿದ ಭಾವನೆಯ ಬೇರನ್ನು ಹುಡುಕುತ್ತದೆ. ಹತ್ತೊಂಬತ್ತನೆಯ ಶತಮಾನಕ್ಕಿಂತ ಹಿಂದೆ ಭಾಷೆಗಳನ್ನು ಕೆಲಸಕ್ಕೆ ತಕ್ಕಂತೆ ಹಂಚಿಕೊಳ್ಳಲಾಗುತ್ತಿತ್ತು: ಲೆಕ್ಕಕ್ಕೊಂದು, ಕಾವ್ಯಕ್ಕೊಂದು, ದರ್ಬಾರಿಗೊಂದು. ಭಾಷೆ ನೆಲದ ಲಕ್ಷಣವಾಗಿತ್ತು. ಜನರ ಲಕ್ಷಣವಾಗಿ, ವ್ಯಕ್ತಿಯೊಬ್ಬನಿಗೆ ಒಂದೇ ಇರಬೇಕಾದ ‘ಮಾತೃಭಾಷೆ’ಯಾಗಿ ಅದು ರೂಪುಗೊಂಡದ್ದು ವ್ಯಾಕರಣ, ಪಠ್ಯಪುಸ್ತಕ, ಮುದ್ರಣಗಳ ಹೊಸ ಕಾಲದಲ್ಲಿ. ಆದೋನಿ, ರಾಯದುರ್ಗಗಳು ಕನ್ನಡದವೋ ತೆಲುಗಿನವೋ ಎಂಬ ಪ್ರಶ್ನೆಗೆ ಒಂದೇ ಉತ್ತರವನ್ನು ಒತ್ತಾಯಿಸಿದ್ದು ಈ ಹೊಸ ಕಲ್ಪನೆಯೇ.

ಈ ಎರಡು ಗ್ರಂಥಗಳನ್ನು ಒಟ್ಟಿಗೆ ಓದಿದಾಗ ನೆಲದ ಇತಿಹಾಸವನ್ನು ಆಧರಿಸಿದ ವಾದ ಎರಡು ಕಡೆಯಿಂದ ದುರ್ಬಲವಾಗುತ್ತದೆ. ಗಡಿನಾಡು ಎಂದೂ ಒಂದೇ ನುಡಿಯ ನೆಲವಾಗಿರಲಿಲ್ಲ ಎಂಬುದು ಒಂದು. ಆ ವಾದ ತಾನು ವಿರೋಧಿಸುವ ಪ್ರಾದೇಶಿಕತಾ ತತ್ತ್ವವನ್ನೇ ಒಪ್ಪಿಕೊಂಡು ಗೆರೆಯನ್ನಷ್ಟೇ ಬದಲಿಸಬಯಸುತ್ತದೆ ಎಂಬುದು ಇನ್ನೊಂದು. 1967ರ ಮಹಾಜನ ವರದಿ ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ನದಿಯ ಈಚೆ ಮಲಯಾಳಂ ಭಾಷಿಕರು ಹೊಸ ಅಲ್ಪಸಂಖ್ಯಾತರಾಗುತ್ತಿದ್ದರು. ಆಚೆ ಉಳಿದ ಕನ್ನಡಿಗರು ಇನ್ನಷ್ಟು ವಿರಳರಾಗುತ್ತಿದ್ದರು. ಗಡಿ ತಿದ್ದುಪಡಿಯ ಬೇಡಿಕೆಗೆ ಬೇರೆ ಸಮರ್ಥನೆಗಳಿರಬಹುದು. ಆದರೆ ಗೆರೆಯ ಮೇಲೆ ಬಾಳುವವರ ಹಕ್ಕಿಗೆ ಅದು ಉತ್ತರವಾಗದು.

ಬಿಟ್ಟುಕೊಡದ ಹಕ್ಕು, ಮುರಿಯದ ಪರಂಪರೆ

ಉಳಿದ ಪ್ರಶ್ನೆಗೆ ಹೆಚ್ಚು ಗಟ್ಟಿಯಾದ ಉತ್ತರ ಅಲನ್ ಪ್ಯಾಟನ್ ಅವರ ‘ಈಕ್ವಲ್ ರೆಕಗ್ನಿಷನ್’ (2014) ಗ್ರಂಥದಿಂದ ಹೊರಡುತ್ತದೆ. ಕಿಮ್ಲಿಕಾ ಅವರೊಡನೆ ‘ಲ್ಯಾಂಗ್ವೇಜ್ ರೈಟ್ಸ್ ಅಂಡ್ ಪೊಲಿಟಿಕಲ್ ಥಿಯರಿ’ (2003) ಎಂಬ ಲೇಖನ ಸಂಪುಟವನ್ನು ಸಂಪಾದಿಸಿದ ಪ್ಯಾಟನ್, ಈ ಗ್ರಂಥದಲ್ಲಿ ಎರಡು ಹೊಸ ಹೆಜ್ಜೆಗಳನ್ನಿಡುತ್ತಾರೆ.

ಮೊದಲ ಹೆಜ್ಜೆ ‘ಸಮಾನ ಮನ್ನಣೆ’. ಧರ್ಮದ ವಿಷಯದಲ್ಲಿ ಪ್ರಭುತ್ವ ಯಾವ ಪಕ್ಷವನ್ನೂ ವಹಿಸದೆ ಇರಬಹುದು. ಭಾಷೆಯ ವಿಷಯದಲ್ಲಿ ಅದು ಅಸಾಧ್ಯ, ಶಾಲೆಯೂ ಕಚೇರಿಯೂ ಯಾವುದಾದರೊಂದು ಭಾಷೆಯಲ್ಲಿ ನಡೆಯಲೇಬೇಕು. ಹಾಗಿರುವಾಗ ನಿಷ್ಪಕ್ಷಪಾತವೆಂದರೆ ಒಬ್ಬರಿಗೆ ಕೊಟ್ಟ ನೆರವನ್ನು ತಕ್ಕ ಪ್ರಮಾಣದಲ್ಲಿ ಇನ್ನೊಬ್ಬರಿಗೂ ಕೊಡುವುದು. ವಲಸಿಗರ ವಿಷಯದಲ್ಲಿ ಈ ಹಕ್ಕು ಏಕೆ ಕಿರಿದು? ಅವರು ಹೊಸ ನಾಡಿಗೆ ಬರುವಾಗ, ನ್ಯಾಯವಾದ ಪರಿಸ್ಥಿತಿಯಲ್ಲಿ, ಆ ಹಕ್ಕಿನ ಒಂದು ಭಾಗವನ್ನು ಬಿಟ್ಟುಕೊಟ್ಟು ಬರುತ್ತಾರೆ ಎನ್ನುವುದು ಪ್ಯಾಟನ್ ಅವರ ವಿವರಣೆ. ಗಡಿನಾಡಿನ ಇಕ್ಕಟ್ಟನ್ನು ಬಿಡಿಸುವ ಕೀಲಿ ಇಲ್ಲಿದೆ. ಉದ್ಯೋಗಕ್ಕಾಗಿ ಈಚೆಗೆ ಬೆಂಗಳೂರಿಗೆ ಬಂದವರಿಗೂ ತಲೆಮಾರುಗಳಿಂದ ಮಂಜೇಶ್ವರದಲ್ಲಿರುವವರಿಗೂ ಇರುವ ಭೇದ ‘ನಮ್ಮವರು’, ‘ಹೊರಗಿನವರು’ ಎಂಬುದಲ್ಲ. ಮೊದಲನೆಯವರು ಸ್ಥಳಾಂತರದ ಮೂಲಕ ಒಂದು ಒಪ್ಪಿಗೆ ನೀಡಿದ್ದಾರೆ. ಎರಡನೆಯವರು ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ, ಏಕೆಂದರೆ ಅವರು ಕದಲಲೇ ಇಲ್ಲ. ಈ ತರ್ಕ ಕರ್ನಾಟಕದೊಳಗಿನ ಹಳೆಯ ಮರಾಠಿ, ತೆಲುಗು, ಉರ್ದು ನೆಲೆಗಳಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದು ಅದರ ದೋಷವಲ್ಲ. ಅದು ಸ್ವಹಿತದಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಪ್ರಮಾಣ.

ಎರಡನೆಯ ಹೆಜ್ಜೆ ಸಂಸ್ಕೃತಿಯ ವ್ಯಾಖ್ಯೆ. ಒಂದು ಸಂಸ್ಕೃತಿಯವರೆಲ್ಲ ಒಂದೇ ನಂಬಿಕೆ, ಒಂದೇ ಆಚಾರ ಉಳ್ಳವರು ಎನ್ನುವುದು ಸುಳ್ಳು. ಹಾಗಾದರೆ ಅವರನ್ನು ‘ಒಂದು’ ಎನ್ನುವುದು ಯಾವುದರಿಂದ? ಬೆಳೆಯುವ ವಯಸ್ಸಿನಲ್ಲಿ ಒಂದೇ ಬಗೆಯ ರೂಪಕ ಸಂಸ್ಥೆಗಳ ಪ್ರಭಾವಕ್ಕೆ ಒಳಗಾಗಿ, ಅದನ್ನು ಮುಂದಿನ ಪೀಳಿಗೆಗೆ ದಾಟಿಸುವ ‘ಸಾಮಾಜಿಕ ವಂಶಪರಂಪರೆ’ಯಿಂದ ಎಂದು ಪ್ಯಾಟನ್ ಉತ್ತರಿಸುತ್ತಾರೆ. ಈ ವಂಶ ರಕ್ತದ್ದಲ್ಲ, ಕಲಿಕೆಯದು.

ಈ ವ್ಯಾಖ್ಯೆ ಕಾಸರಗೋಡಿಗೆ ಬಂದಾಗ ಹೊಸ ಬೆಳಕು ಚೆಲ್ಲುತ್ತದೆ. ಅಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳ ಮನೆಮಾತು ಹಲವು: ತುಳು, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ. ನೀಲಗಿರಿಯಲ್ಲಿ ಬಡಗ ನುಡಿಯನ್ನು ಜನಗಣತಿ ಕನ್ನಡದ ಅಡಿಯಲ್ಲಿ ಎಣಿಸಿದರೂ ಅದನ್ನು ಸ್ವತಂತ್ರ ಭಾಷೆಯೆಂದು ಕಾಣುವ ಭಾಷಾಶಾಸ್ತ್ರಜ್ಞರೂ ಭಾಷಿಕರೂ ಇದ್ದಾರೆ. ‘ಮಾತೃಭಾಷೆ’ ಎಂಬ ಒಂದೇ ಅಳತೆಗೋಲನ್ನು ಹಿಡಿದರೆ ಕಾಸರಗೋಡಿನ ಕನ್ನಡ ಸಮುದಾಯ ಅರ್ಧಕ್ಕರ್ಧ ಕರಗಿಹೋಗುತ್ತದೆ; ತುಳು ಮನೆಯ ಮಗುವಿಗೆ ಕನ್ನಡ ಶಾಲೆಯ ಹಕ್ಕೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಆದರೆ ಆ ಮಗುವಿನ ಅಜ್ಜಿ ಓದಿದ್ದು ಕನ್ನಡದಲ್ಲಿ, ಮನೆಯ ದಸ್ತಾವೇಜು ಇರುವುದು ಕನ್ನಡದಲ್ಲಿ, ಯಕ್ಷಗಾನದ ಅರ್ಥಗಾರಿಕೆ ಕೇಳಿದ್ದು ಕನ್ನಡದಲ್ಲಿ. ಪ್ಯಾಟನ್ ಅವರ ಅರ್ಥದಲ್ಲಿ ಆ ಮಗು ಕನ್ನಡದ ಸಾಮಾಜಿಕ ಪರಂಪರೆಯ ನೇರ ವಾರಸುದಾರ. ಮಿಚೆಲ್ ತೋರಿಸಿದ ಹಳೆಯ ಜಗತ್ತು, ಅಂದರೆ ಕೆಲಸಕ್ಕೊಂದು ಭಾಷೆಯಿದ್ದ ಜಗತ್ತು, ಇಲ್ಲಿ ಇನ್ನೂ ಉಸಿರಾಡುತ್ತಿದೆ ಎಂದರೂ ಸಲ್ಲುತ್ತದೆ.

ಎಣಿಕೆ, ಆಯ್ಕೆ ಮತ್ತು ಶಾಲೆಯ ಬಾಗಿಲು

ಭಾರತದ ವ್ಯವಸ್ಥೆ ಈ ಹಕ್ಕನ್ನು ಹೇಗೆ ಅಳೆಯುತ್ತದೆ? 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ ಇಡೀ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಶೇಕಡ 70, ಶೇಕಡ 30ರ ಅಳತೆಗಳನ್ನು ಸೂಚಿಸಿತು: ಶೇಕಡ 70ರಷ್ಟು ಒಂದೇ ಭಾಷಿಕರಿದ್ದರೆ ರಾಜ್ಯ ಏಕಭಾಷಿಕ, ಶೇಕಡ 30ರಷ್ಟು ಅಲ್ಪಸಂಖ್ಯಾತರಿದ್ದರೆ ದ್ವಿಭಾಷಿಕ. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ‘ಪ್ರಯತ್ನಿಸಬೇಕು’ ಎನ್ನುತ್ತದೆ. 350ಬಿ ವಿಧಿ ಇದರ ಮೇಲ್ವಿಚಾರಣೆಗೆ ವಿಶೇಷಾಧಿಕಾರಿಯನ್ನು ನೇಮಿಸುತ್ತದೆ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಭಾಷಾ ಅಲ್ಪಸಂಖ್ಯಾತರನ್ನು ಗುರುತಿಸುವ ಘಟಕ ರಾಜ್ಯವೇ ಎಂದು ಖಚಿತಪಡಿಸಿತು.

ಈ ಭರವಸೆಗಳು ಏಕೆ ಅಂಜಿಕೆಯ ಧ್ವನಿಯಲ್ಲಿವೆ ಎಂಬುದಕ್ಕೆ ಸಂವಿಧಾನ ಚಿಂತನೆಯ ಇತ್ತೀಚಿನ ಎರಡು ಗ್ರಂಥಗಳು ಸುಳಿವು ಕೊಡುತ್ತವೆ. ರೋಚನಾ ಬಾಜಪೇಯಿ ಅವರ ‘ಡಿಬೇಟಿಂಗ್ ಡಿಫರೆನ್ಸ್’ (2011) ಸಂವಿಧಾನ ಸಭೆಯ ಚರ್ಚೆಗಳನ್ನು ವಿಶ್ಲೇಷಿಸಿ, ಗುಂಪುಗಳ ರಕ್ಷಣೆಯನ್ನು ಸಮರ್ಥಿಸಲು ಬೇಕಾದ ನೈತಿಕ ಪರಿಭಾಷೆ ಅಂದಿನ ರಾಷ್ಟ್ರೀಯ ಸಂವಾದದಲ್ಲಿ ಕೃಶವಾಗಿತ್ತೆಂದು ತೋರಿಸುತ್ತದೆ. ಮಾಧವ ಖೋಸ್ಲಾ ಅವರ ‘ಇಂಡಿಯಾಸ್ ಫೌಂಡಿಂಗ್ ಮೊಮೆಂಟ್’ (2020) ಪ್ರಕಾರ ಸಂವಿಧಾನಕರ್ತರ ದೊಡ್ಡ ಸಾಹಸ, ಪ್ರಜೆಯನ್ನು ಹುಟ್ಟಿದ ಸಮುದಾಯದಿಂದ ಬಿಡಿಸಿ ವ್ಯಕ್ತಿಯಾಗಿ ಕಾಣಲು ಯತ್ನಿಸಿದ್ದು. ಕಲಿಕಾ ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು. ಮಾತೃಭಾಷೆಯನ್ನು ಸರಕಾರ ಹೇರಲಾಗದು ಎಂಬ 2014ರ ಮೇ ತಿಂಗಳ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಕರ್ನಾಟಕದ ಭಾಷಾನೀತಿಯ ವಿರುದ್ಧ ಬಂದದ್ದು, ಈ ವ್ಯಕ್ತಿಕೇಂದ್ರಿತ ಧಾರೆಯ ಸಹಜ ಫಲ.

ವ್ಯಕ್ತಿಯ ಆಯ್ಕೆ ಮತ್ತು ತಲೆಯೆಣಿಕೆ ಎರಡೂ ಸೇರಿದಾಗ ಏನಾಗುತ್ತದೆಂಬುದು ಗಡಿನಾಡಿನ ಶಾಲೆಗಳಲ್ಲಿ ಕಾಣುತ್ತದೆ. ಒಂದು ಶಾಲೆಯಲ್ಲಿ 42 ಕನ್ನಡ ಮಕ್ಕಳಿದ್ದಾರೆಂದು ಕಲ್ಪಿಸಿಕೊಳ್ಳೋಣ. ಮೂವರು ಪೋಷಕರು ತಮ್ಮ ತಮ್ಮ ಮಕ್ಕಳ ಹಿತ ನೋಡಿ ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಪ್ರತಿಯೊಬ್ಬರ ನಿರ್ಧಾರವೂ ನ್ಯಾಯವೇ. ಉಳಿದ 39 ಮಕ್ಕಳ ಪೋಷಕರು ಏನನ್ನೂ ಬದಲಿಸಿಲ್ಲ. ಆದರೆ ಅವರ ಹಕ್ಕು ಸೂತ್ರದ ಅಂಚಿಗೆ ಬಂದು ನಿಂತಿತು. ಕನ್ನಡ ಬಾರದ ಶಿಕ್ಷಕರ ನೇಮಕ, ತಡವಾಗಿ ಬರುವ ಪಠ್ಯಪುಸ್ತಕ, ಮುಂದಿನ ಹಂತದಲ್ಲಿ ಕನ್ನಡ ಮಾಧ್ಯಮವಿಲ್ಲದಿರುವುದು ಇವೆಲ್ಲ ಆ ಮೂವರ ನಿರ್ಧಾರವನ್ನು ಪ್ರೇರೇಪಿಸಿದ್ದರೂ ಎಣಿಕೆಯ ಪಟ್ಟಿಯಲ್ಲಿ ಅವು ಕಾಣಿಸುವುದಿಲ್ಲ. ಕಾಣುವುದು ‘ಬೇಡಿಕೆ ಕುಸಿತ’ ಮಾತ್ರ. ಪ್ಯಾಟನ್ ಅವರ ವ್ಯಾಖ್ಯೆಯ ಬಲ ಇಲ್ಲಿ ಪ್ರಕಟವಾಗುತ್ತದೆ. ಸಮುದಾಯವೊಂದು ಇರುವುದರಿಂದ ಶಾಲೆ ಇರುತ್ತದೆ ಎನ್ನುವುದು ಅರ್ಧ ಸತ್ಯ. ಶಾಲೆ ಇರುವುದರಿಂದ ಸಮುದಾಯ ಮುಂದಿನ ಪೀಳಿಗೆಗೆ ದಾಟುತ್ತದೆ ಎಂಬುದು ಉಳಿದರ್ಧ. ಪರಂಪರೆಯನ್ನು ನಿರ್ಮಿಸುವ ಸಂಸ್ಥೆಯ ಅಳಿವುಉಳಿವನ್ನು ಅದರ ಇಂದಿನ ಗಿರಾಕಿಗಳ ಸಂಖ್ಯೆಯಿಂದ ತೀರ್ಮಾನಿಸುವುದು, ಕಾರಣವನ್ನು ಕಾರ್ಯದಿಂದ ಅಳೆದಂತೆ.

ಆದ್ದರಿಂದ ಗಡಿನಾಡಿನ ಭಾಷಾಹಕ್ಕಿಗೆ ಈ ಗ್ರಂಥಗಳಿಂದ ದೊರೆಯುವ ಅತ್ಯಂತ ದೃಢವಾದ ಸಮರ್ಥನೆಯನ್ನು ಹೀಗೆ ಹೇಳಬಹುದು: ಈ ಜನರು ತಮ್ಮ ನೆಲೆಯನ್ನು ಬಿಟ್ಟುಬಂದವರಲ್ಲ, ಬಿಡಬೇಕಾಗಿಯೂ ಇಲ್ಲ, ತಮ್ಮ ಭಾಷೆಗೆ ಸಲ್ಲುವ ಸಮಾನ ಮನ್ನಣೆಯನ್ನು ಅವರು ಎಂದೂ ಬಿಟ್ಟುಕೊಟ್ಟಿಲ್ಲ, ಎರಡು ಸಮುದಾಯಗಳ ಸಂವಹನದ ಹೊರೆಯನ್ನು ಅವರೇ ಹೊತ್ತಿದ್ದಾರೆ, ಆದ್ದರಿಂದ ಗಡಿ ಸರಿಯುವ ಮೊದಲೇ ಇದ್ದು ಇಂದಿಗೂ ನಡೆದುಬಂದಿರುವ ಅವರ ಕಲಿಕೆಯ ಸಂಸ್ಥೆಗಳನ್ನು ಅಖಂಡವಾಗಿ ಮುಂದುವರಿಸುವುದು ಅವರಿರುವ ರಾಜ್ಯದ ಕರ್ತವ್ಯ. ಈ ವಾದಕ್ಕೆ ಕವಿರಾಜಮಾರ್ಗದ ಭೂಪಟವೂ ಬೇಡ, ಮನೆಮಾತಿನ ಶುದ್ಧತೆಯೂ ಬೇಡ. ರಾಜ್ಯಭಾಷೆಯನ್ನು ಕಲಿಯಲು ನಿರಾಕರಿಸಬೇಕಾಗಿಯೂ ಇಲ್ಲ.

ವಾದದ ನೆಲೆ ಬದಲಾದರೆ ಸಂಗ್ರಹಿಸಬೇಕಾದ ಸಾಕ್ಷ್ಯವೂ ಬದಲಾಗುತ್ತದೆ. ಶಾಸನಗಳ ಪ್ರತಿ, ಜನಗಣತಿಯ ಕೋಷ್ಟಕಗಳ ಜೊತೆಗೆ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳು, ಶಿಕ್ಷಕ ನೇಮಕಾತಿಯ ಆದೇಶಗಳು, ಪಠ್ಯಪುಸ್ತಕ ತಲುಪಿದ ದಿನಾಂಕಗಳು, ಪ್ರಾಥಮಿಕದಿಂದ ಪ್ರೌಢಶಾಲೆಗೆ ದಾಟುವಾಗ ಮಾಧ್ಯಮ ಬದಲಿಸಿದ ಮಕ್ಕಳ ಮನೆಮಾತು ಹಾಗೂ ಕಾರಣಗಳು, ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಬಂದ ಉತ್ತರದ ಭಾಷೆ ಇವು ಮುಖ್ಯವಾಗುತ್ತವೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಲು ಅವಕಾಶ ಕೊಟ್ಟಿದೆ. ಆ ಅವಕಾಶ ಕಚೇರಿಯ ಮೇಜಿನ ಮೇಲೆ ಏನಾಗುತ್ತದೆ ಎಂಬುದನ್ನು ಹೇಳುವುದು ಇಂಥ ದಾಖಲೆಗಳೇ. ಅವು ಆದೋನಿ, ತಾಂಡೂರು, ತಾಳವಾಡಿ, ಅಕ್ಕಲಕೋಟೆಗಳ ಶಾಲೆಗಳ ಕಪಾಟುಗಳಲ್ಲಿವೆ. ಶಾಲೆ ಮುಚ್ಚಿದಲ್ಲಿ ಮೊದಲು ಕಳೆದುಹೋಗುವುದೂ ಅವೇ.